ಹತ್ತು ಫ್ಲಾಪಿನ ಯಂತ್ರವೂ ನನ್ನ ಷಡ್ಡಕನೂ

ಗೇಮ್ ಯಂತ್ರದ ಅಂಗಡಿ ಇಟ್ಟವರು ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಷಟರ್ ಎತ್ತಿದರೆ ಹತ್ತೂವರೆಯೊಳಗೆ ಒಂದಾದರೂ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಆದರೆ ಕಳೆದ ವರ್ಷ ಬಂದವಕ್ಕೆ ಬಂದ ದಿನ ಪೂರ್ತಿಯಾಗಿ ನಗುವ ಭಾಗ್ಯ ನನಗಿರಲಿಲ್ಲ. ಯಾಕೆಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅಂಗಡಿ ಸರಸ್ವತಿಪುರಂನಲ್ಲಿ, ಒಂದು ಟ್ಯುಟೋರಿಯಲ್ಲಿಗೂ ಒಂದು ದೋಸೆ ಹೋಟೆಲಿಗೂ ಮಧ್ಯೆ ಇದೆ. ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಯಂತ್ರಗಳನ್ನು ಮಾರುತ್ತೇವೆ, ಕೆಟ್ಟರೆ ರಿಪೇರಿ ಮಾಡುತ್ತೇವೆ. ನಾವು ಎಂದರೆ ನಾನು ಮತ್ತು ನನ್ನ ಷಡ್ಡಕ. ಅಕ್ಕನನ್ನು ನಾನು ಮದುವೆಯಾದೆ, ತಂಗಿಯನ್ನು ಅವನು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ನನ್ನನ್ನು ಅಣ್ಣ ಅನ್ನುತ್ತಾನೆ. ರಿಪೇರಿ ನನ್ನದು, ಮಾರಾಟ ಅವನದು. ನನಗೆ ಗಿರಾಕಿಯ ಮುಖ ನೋಡಿ ನಾಲ್ಕು ಮಾತಾಡಲು ಬರುವುದಿಲ್ಲ, ಅವನಿಗೆ ಸ್ಕ್ರೂಡ್ರೈವರನ್ನು ಯಾವ ಕಡೆ ಹಿಡಿಯಬೇಕೆಂದು ಗೊತ್ತಿಲ್ಲ. ಹೀಗೇ ಹನ್ನೊಂದು ವರ್ಷ ಚೆನ್ನಾಗಿ ನಡೆದಿತ್ತು.

ನಮ್ಮಿಬ್ಬರ ಮಧ್ಯೆ ಇದ್ದದ್ದು ಒಂದೇ ಜಗಳ. ಯಂತ್ರದೊಳಗೆ ಎಷ್ಟು ಶಕ್ತಿ, ಎಷ್ಟು ಮೆಮೊರಿ, ಎಷ್ಟು ವೇಗ ಇದೆ ಅನ್ನುವುದೇ ಎಲ್ಲಾ ಅಂತ ಅವನು. ಆಟ ಚೆನ್ನಾಗಿದ್ದರೆ ಸಾಕು, ಹೊಟ್ಟೆಯೊಳಗೆ ಏನಿದ್ದರೆ ಆಡುವವನಿಗೇನು ಅಂತ ನಾನು. ಕಳೆದ ವರ್ಷ ಈ ಜಗಳ ಅಂಗಡಿ ಎರಡು ಭಾಗವಾಗುವ ಹಂತಕ್ಕೆ ಬಂತು. ಅಂಗಡಿ ಒಡೆದರೆ ಅಕ್ಕತಂಗಿಯರ ಮಧ್ಯೆಯೂ ಗೋಡೆ ಏಳುತ್ತದೆಂದು ನನಗೆ ನಿಜವಾಗಿ ಭಯವಾಗಿತ್ತು. ಆ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಕೆಳಗಿನವನ್ನೆಲ್ಲ ನೋಡಿದೆ.

ಫ್ಲಾಪ್

ಶುರುವಾದದ್ದು ಲಕ್ಷ್ಮೀಪುರಂನಿಂದ ಬಂದ ಒಬ್ಬ ನಿವೃತ್ತ ತಹಶೀಲ್ದಾರರಿಂದ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಗೇಮ್ ಯಂತ್ರ ಬೇಕು ಅಂದರು. ಷಡ್ಡಕ ಅವರನ್ನು ಕೂರಿಸಿ, ಎರಡು ಡಬ್ಬ ಮುಂದಿಟ್ಟು, ಇಪ್ಪತ್ತು ನಿಮಿಷ ಒಳಗಿನ ವಿಚಾರ ಹೇಳಿದ. ತಹಶೀಲ್ದಾರರು ಪಹಣಿ ತಿದ್ದುಪಡಿಯ ಅರ್ಜಿ ಕೇಳುವವರ ಗಾಂಭೀರ್ಯದಲ್ಲಿ ಎಲ್ಲ ಕೇಳಿದರು. ಕೊನೆಗೆ ಇವನು, ಇದು ಹತ್ತು ಟೆರಾಫ್ಲಾಪ್ ಸಾರ್, ಆ ಇನ್ನೊಂದು ಬರೀ ನಾಲ್ಕು, ಅಂದ.

ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡರು.

"ಹತ್ತು ಸಲ ಫ್ಲಾಪ್ ಆದ್ಮೇಲೂ ಕಂಪನಿಯವ್ರು ಬುದ್ಧಿ ಕಲೀಲಿಲ್ವೇನ್ರೀ?"

ಹಿಂದಿನ ಬೆಂಚಿನಲ್ಲಿ ಬೆಸುಗೆ ಹಾಕುತ್ತಿದ್ದ ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಷಡ್ಡಕನ ಕಿವಿ ಕೆಂಪಾಯಿತು. ಆದರೂ ಅವನು ಬಿಡಲಿಲ್ಲ. ಇದು ಸಿನಿಮಾ ಫ್ಲಾಪ್ ಅಲ್ಲ, ಯಂತ್ರ ಒಂದು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತದೆ ಅನ್ನೋದರ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ಕಾಗದದ ಮೇಲೆ ಬರೆದು ತೋರಿಸಿದ. ತಹಶೀಲ್ದಾರರು ಕಾಗದವನ್ನು ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟುಕೊಂಡರು. ಆಮೇಲೆ ಚಿಕ್ಕ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು.

"ನೀವು ಹೇಳೋದೆಲ್ಲ ಸರಿ. ನಾಲ್ಕು ಸಲ ಫ್ಲಾಪ್ ಆಗಿರೋದೇ ಕೊಡಿ. ಅದಿನ್ನೂ ಸುಧಾರಿಸ್ಕೊಳ್ಳೋ ವಯಸ್ಸು."

ಅರವತ್ತು ಫ್ರೇಮ್

ಆ ಸಂಜೆ ಷಡ್ಡಕ ನನ್ನ ಜೊತೆ ಕಾಫಿಗೆ ಬರಲಿಲ್ಲ. ಗಿರಾಕಿಯ ಮುಂದೆ ನಗಾಡಿ ತನ್ನ ಮರ್ಯಾದೆ ತೆಗೆದೆ ಅಂದ. ತಪ್ಪಾಯಿತು ಅಂತ ನಾನೂ ಒಪ್ಪಿಕೊಂಡೆ. ಇನ್ನು ಮೇಲೆ ಅವನು ಗಿರಾಕಿಗಳ ಜೊತೆ ಏನು ಮಾತಾಡಿದರೂ ನನ್ನ ಹಲ್ಲು ಕಾಣಿಸಬಾರದು ಎಂದು ಮಾತಾಯಿತು.

ಈ ಒಪ್ಪಂದ ಎಂಟು ದಿನ ನಡೆಯಿತು. ಒಂಬತ್ತನೇ ದಿನ ಅಶೋಕಪುರಂನಿಂದ ಒಬ್ಬ ಗೃಹಿಣಿಯ ಫೋನು. ಹಿಂದಿನ ವಾರ ಅವರ ಯಜಮಾನರು ನಮ್ಮಲ್ಲಿ ಒಂದು ದೊಡ್ಡ ಯಂತ್ರ ಕೊಂಡುಹೋಗಿದ್ದರು. ಹೊಗಳಲಿಕ್ಕೇ ಫೋನ್ ಮಾಡಿದ್ದಾರೆ ಅಂದುಕೊಂಡ ಷಡ್ಡಕ, ನನಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದ.

"ಅರವತ್ತು ಫ್ರೇಮ್ ಬರುತ್ತೆ ಅಂತ ಅಂದಿದ್ರಂತಲ್ಲ, ಬಂದಿಲ್ಲ ಕಣ್ರೀ."

"ನಿಮ್ಮನೆ ಟಿವಿ ಹಳೇದಿರ್ಬೇಕಮ್ಮ. ಒಂದು ಮೂವತ್ತಾದ್ರೂ ಬರ್ತಿರುತ್ತೆ, ನೋಡಿ."

"ಎಲ್ಲಾ ಕಡೆ ನೋಡ್ದೆ, ಒಂದೂ ಬಂದಿಲ್ಲ."

"ಕಣ್ಣಿಗೆ ಗೊತ್ತಾಗಲ್ಲಮ್ಮ. ಅಷ್ಟು ಬೇಗ ಬಂದು ಹೋಗ್ಬುಡ್ತವೆ."

"ಎಂಗೆ ಬಂದು ಹೋಗ್ತವೆ? ನಾನು ಬಾಗ್ಲು ಹಾಕ್ಕೊಂಡು ಮನೇಲೇ ಇದ್ದೆ."

ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಷಡ್ಡಕನಿಗೆ ಇನ್ನೂ ಹೊಳೆದಿರಲಿಲ್ಲ. ಅವನು ತಾಳ್ಮೆಯಿಂದ, ಸೆಕೆಂಡಿಗೆ ಅರವತ್ತು ಫ್ರೇಮ್ ಬರೋದು ಅಂದರೆ ಚಿತ್ರ ನುಣ್ಣಗೆ ಓಡುತ್ತದೆ ಎಂದು ವಿವರಿಸಿದ.  ಆಮೇಲೆ ಆಕೆ ಬಹಳ ಉದಾರವಾಗಿ ಹೇಳಿದರು.

"ಸೆಕೆಂಡಿಗೆ ಅರವತ್ತೆಲ್ಲ ಯಾಕಪ್ಪ, ಇಡೋಕೂ ಜಾಗ ಇಲ್ಲ. ನಮ್ಮತ್ತೆ ಮಾವಂದೊಂದು, ನಮ್ಮ ಮದುವೇದೊಂದು, ದೇವ್ರದು ಎರಡು. ನಾಲ್ಕು ಫ್ರೇಮ್ ಕಳಿಸ್ಬುಡಿ ಸಾಕು, ಆಗ್ಲೇ ಗೋಡೆಗೆ ಮೊಳೆ ಹೊಡ್ಸಿಬುಟ್ಟಿದೀನಿ."

ಒಳಗೂ ವಿಭೂತಿ

ಫೋನಿನ ಹೊತ್ತಿನಲ್ಲಿ ನಾನು ನಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಅಷ್ಟೆ. ಅವಳು ತಂಗಿಗೆ ಹೇಳಿದಳು. ಷಡ್ಡಕ ಮನೆ ತಲುಪುವಷ್ಟರಲ್ಲಿ ಅವನ ಹೆಂಡತಿ ಗೋಡೆಗೆ ಮೊಳೆ ಹೊಡೆಸಬೇಕಾ ಎಂದು ಕೇಳಲು ಬಾಗಿಲಲ್ಲೇ ಕಾದಿದ್ದಳಂತೆ. ಮಾರನೇ ದಿನ ಅವನು ನನ್ನ ಮುಖ ನೋಡಲಿಲ್ಲ. ನನ್ನ ಬಾಯಿ ಮುಚ್ಚಿಸುವಂಥ ಯಂತ್ರ ತಂದೇ ತೋರಿಸುತ್ತೇನೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡ. ದಸರಾ ಹೊತ್ತಿಗೆ ತಂದೂಬಿಟ್ಟ. ಮಾರುಕಟ್ಟೆಯಲ್ಲೇ ಅತಿ ಬಲಿಷ್ಠವಾದ ಹೊಸ ಯಂತ್ರ, ಆಯುಧಪೂಜೆಯ ಹಿಂದಿನ ದಿನ ಅಂಗಡಿಯ ಮುಂಭಾಗದಲ್ಲಿ ಪ್ರತಿಷ್ಠಾಪನೆ ಆಯಿತು.

ನಮ್ಮ ಕಟ್ಟಡದ ಯಜಮಾನಿ ಮೇಲಿನ ಮಹಡಿಯಲ್ಲೇ ಇರುವ ನಿವೃತ್ತ ಶಾಲಾ ಶಿಕ್ಷಕಿ. ಬೀದಿಗೆಲ್ಲ ಅವರು ಟೀಚರ್. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆಯ ವಿಭೂತಿ ಒಂದು ದಿನವೂ ತಪ್ಪಿದ್ದಿಲ್ಲ. ಪ್ರತಿ ವರ್ಷ ಕೆಳಗಿಳಿದು ಬಂದು ನಮ್ಮ ಅಂಗಡಿಯ ಪೂಜೆಯನ್ನು ಅವರೇ ಮಾಡಿಸುತ್ತಾರೆ. ನನ್ನ ಸ್ಕ್ರೂಡ್ರೈವರುಗಳು, ಬೆಸುಗೆ ಕಡ್ಡಿ, ಹಳೆಯ ಯಂತ್ರಗಳು ಎಲ್ಲಕ್ಕೂ ಮೂರು ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಆ ಸಲದ ಪೂಜೆಯ ಹೊತ್ತಿಗೆ ಉಳಿದ ಯಂತ್ರಗಳೆಲ್ಲ ಆರಿದ್ದವು. ಹೊಸದನ್ನು ಮಾತ್ರ ಷಡ್ಡಕ ಆರಿಸಲು ಒಪ್ಪಲಿಲ್ಲ. ಅತ್ಯಂತ ಭಾರದ ಆಟ ಹಾಕಿ, ಯಂತ್ರ ತನ್ನ ಪೂರ್ತಿ ಶಕ್ತಿ ತೋರಿಸುತ್ತಿರುವಾಗಲೇ ಪೂಜೆ ಆಗಲಿ ಎಂದ.

ಟೀಚರ್ ಕೈ ಧಾರಾಳ. ಹೊಸ ಯಂತ್ರ ಅಂತ ಒಂದು ಚಿಟಿಕೆ ಜಾಸ್ತಿಯೇ ತಗೊಂಡು, ಅದರ ಹಣೆ ಯಾವುದೆಂದು ತಿಳಿಯದೆ, ಗಾಳಿ ಎಳೆಯುವ ಕಿಂಡಿಯ ಹತ್ತಿರ ಕೈ ತಂದರು. ನಶ್ಯ ಎಳೆದ ಹಾಗೆ ಯಂತ್ರ ಅಷ್ಟನ್ನೂ ಎಳೆದುಕೊಂಡಿತು. ಅಂಟಲಿಲ್ಲ ಅಂತ ಟೀಚರ್ ಇನ್ನೊಮ್ಮೆ ಹಚ್ಚಿದರು. ಅದನ್ನೂ ಎಳೆದುಕೊಂಡಿತು. ಮೂರನೆಯ ಸಲಕ್ಕೆ ಫ್ಯಾನು ಕೆಮ್ಮುವ ಸದ್ದು ಮಾಡಿತು, ಬಿಸಿ ಹೆಚ್ಚಾಗಿದೆ ಎಂದು ಪರದೆಯ ಮೇಲೆ ಬರೆದುಕೊಂಡಿತು, ಆರಿಹೋಯಿತು.

ನಾನು ಮುಚ್ಚಳ ಬಿಚ್ಚಿದೆ. ಒಳಗೆ ಎಲ್ಲ ಬೆಳ್ಳಗೆ. ಷಡ್ಡಕ ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ, ಅವನ ಕಣ್ಣಲ್ಲಿ ನೀರಿತ್ತು. ಬ್ರಷ್ ಹಿಡಿದು ಸುಮ್ಮನೆ ಒರೆಸಬೇಕಾಗಿದ್ದ ನಾನು ಬಾಯಿ ಬಿಟ್ಟೆ. ಶಕ್ತಿ ಜಾಸ್ತಿಯಾದರೆ ಬಿಸಿ ಜಾಸ್ತಿ, ಬಿಸಿ ಜಾಸ್ತಿಯಾದರೆ ಫ್ಯಾನು ಜೋರು, ನನ್ನ ಹಳೇ ಯಂತ್ರ ನೋಡು ಹಣೆಗೆ ಹಚ್ಚಿದ್ದು ಹಣೇಲೇ ಇದೆ, ಅಂದೆ. ಅವನು ಮುಖ ತಿರುಗಿಸಿದ. ಟೀಚರ್ ಮಾತ್ರ ಬಗ್ಗಿ, ಯಂತ್ರದ ಹೊಟ್ಟೆಯೊಳಗೆ ಬಹಳ ಹೊತ್ತು ನೋಡಿ, ಅವನ ಬೆನ್ನು ತಟ್ಟಿದರು.

"ಬೇಜಾರು ಮಾಡ್ಕೋಬೇಡಪ್ಪ. ನಾವೆಲ್ಲ ಮೈಮೇಲೆ ಧರಿಸ್ತೀವಿ, ಇದು ಅಂತರಂಗದಲ್ಲೂ ಧರಿಸಿದೆ."

ಅವರೆಕಾಯಿ

ಯಂತ್ರ ಬದುಕಿತು. ನಮ್ಮ ಮಾತು ಸತ್ತಿತು. ಹೊಸದಾಗಿ ಕಟ್ಟಿರುವ ಒಂದು ಕಾಂಪ್ಲೆಕ್ಸಿನಲ್ಲಿ ಮಳಿಗೆ ಖಾಲಿ ಇದೆ, ಅಲ್ಲಿ ತಾನು ಬರೀ ಬಲಿಷ್ಠ ಯಂತ್ರಗಳ ಅಂಗಡಿ ಇಡುತ್ತೇನೆ, ಹಳೇದನ್ನೆಲ್ಲ ನೀವೇ ಇಟ್ಟುಕೊಳ್ಳಿ ಎಂದು ಷಡ್ಡಕ ಹೇಳಿಬಿಟ್ಟ. ಅಣ್ಣ ಅನ್ನುತ್ತಿದ್ದವನು ಸಾರ್ ಅನ್ನತೊಡಗಿದ. ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು, ಏನಾದರೂ ಹೇಳಬೇಕಾದರೆ ಗಿರಾಕಿಗಳ ಮೂಲಕ ಹೇಳುತ್ತಿದ್ದೆವು. ನನಗೂ ಸೋಲಲು ಮನಸ್ಸಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಗಂಡಹೆಂಡತಿ ಇಬ್ಬರು ಬಂದರು. ನಾನು ಕೊಟ್ಟಿದ್ದ ಹಳೆಯ ಯಂತ್ರದಲ್ಲಿ ಆಟ ಲೋಡ್ ಆಗಲಿಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ, ಬೇರೆ ಬೇಕು ಎಂದು ಗಂಡನ ದೂರು. ಷಡ್ಡಕನ ಮುಖ ಅರಳಿತು. ಅವನು ಗಿರಾಕಿಯ ಹೆಂಡತಿಯ ಕಡೆ ತಿರುಗಿ ನನಗೆ ಹೇಳಿದ: ನೋಡಿಮ್ಮ, ಹಾರ್ಡ್‌ವೇರ್ ಮುಖ್ಯ ಅಲ್ಲ ಅನ್ನೋ ಜನ ಇದ್ದಾರೆ, ಅವರಿಂದ ನಿಮ್ಮಂಥವರಿಗೆ ತೊಂದರೆ. ನಾನೂ ಆಕೆಯ ಕಡೆ ತಿರುಗಿ ಅವನಿಗೆ ಹೇಳಿದೆ: ಎರಡು ನಿಮಿಷ ಕಾಯೋ ತಾಳ್ಮೆ ಇಲ್ಲದವರು ಆಟ ಏನು ಆಡಿಯಾರು ಹೇಳಿಮ್ಮ. ಆಕೆ ಪಾಪ ಮಧ್ಯೆ ಕೂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕತ್ತು ತಿರುಗಿಸುತ್ತಿದ್ದರು. ನಮ್ಮಿಬ್ಬರ ಧ್ವನಿ ಎಷ್ಟು ಏರಿತೆಂದರೆ ಪಕ್ಕದ ಹೋಟೆಲಿನವರು ಇಣುಕಿ ನೋಡಿದರು. ಕೊನೆಗೆ ಷಡ್ಡಕ ಹೊಸ ಯಂತ್ರ ಹಾಕಿ, ಎರಡೇ ಸೆಕೆಂಡಿನಲ್ಲಿ ಆಟ ಶುರುವಾಗಿದ್ದನ್ನು ತೋರಿಸಿದ.

ಆಕೆ ದಿಗಿಲಿನಿಂದ ಎದ್ದು ನಿಂತರು.

"ಅಯ್ಯೋ, ಇದು ಬೇಡ್ವೇ ಬೇಡ. ಈಗ ಅದು ಲೋಡ್ ಆಗೋ ತನ್ಕ ಇವ್ರ ಮುಂದೆ ಮೊರ ಇಟ್ಬುಡ್ತೀನಿ, ಕೂತು ಅವರೆಕಾಯಿ ಸುಲಿದು ಕೊಡ್ತಾರೆ. ಮದುವೆ ಆಗಿ ಹದಿನಾಲ್ಕು ವರ್ಷಕ್ಕೆ ಇದೇ ಮೊದಲು."

ಗಂಡ ತಲೆ ತಗ್ಗಿಸಿದರು. ಆಕೆ ಷಡ್ಡಕನನ್ನು ಬಿಟ್ಟು ನನ್ನ ಬೆಂಚಿನ ಹತ್ತಿರ ಬಂದು ತಗ್ಗಿದ ಧ್ವನಿಯಲ್ಲಿ ಕೇಳಿದರು.

"ಇದಕ್ಕಿಂತ ನಿಧಾನವಾಗಿರೋದು ಇದ್ರೆ ತೋರ್ಸಿ. ಕಾಯಿ ಸುಲಿಯೋಕೆ ಸರಿ ಹೋಗುತ್ತೆ, ಕಾಳು ಹಿತಕಿ ಸಿಪ್ಪೆ ತೆಗೆಯೋಕೆ ಟೈಮ್ ಸಾಕಾಗ್ತಿಲ್ಲ."

ಪರೀಕ್ಷೆ

ಹೊಸ ಮಳಿಗೆಯ ಮಾಲೀಕರಿಗೆ ಷಡ್ಡಕ ಸೋಮವಾರ ಉತ್ತರ ಹೇಳಬೇಕಿತ್ತು. ಅದರ ಹಿಂದಿನ ವಾರ ನಮ್ಮ ಮನೆಯಲ್ಲಿ ಊಟ ಯಾರಿಗೂ ಸೇರಲಿಲ್ಲ. ಹೆಂಡತಿ ತಂಗಿಗೆ ಫೋನ್ ಮಾಡುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನು ಹೋದರೆ ಗಿರಾಕಿಗಳ ಜೊತೆ ಮಾತಾಡುವವರು ಯಾರು ಎಂಬ ಚಿಂತೆ ಒಂದು ಕಡೆ. ಅದಕ್ಕಿಂತ ದೊಡ್ಡದು, ಹನ್ನೊಂದು ವರ್ಷ ಎದುರಿಗಿದ್ದ ಮುಖ ಇನ್ನು ಕಾಣಿಸುವುದಿಲ್ಲವಲ್ಲ ಎಂಬ ಸಂಕಟ. ಇದನ್ನು ಅವನಿಗೆ ಹೇಳಬೇಕಾಗಿತ್ತು. ಹೇಳುವ ಬದಲು, ಕಣ್ಣು ಮುಚ್ಚಿಕೊಂಡು ಎರಡು ಯಂತ್ರದ ವ್ಯತ್ಯಾಸ ಹೇಳಲಿ ನೋಡೋಣ ಎಂದು ಒಬ್ಬ ಗಿರಾಕಿಯ ಕಡೆ ತಿರುಗಿ ಕೆಣಕಿದೆ. ಕಣ್ಣು ತೆರೆದೇ ಹೇಳ್ತೀನಿ ಸಾರ್, ಟೀಚರ್ ಮುಂದೆ ಹೇಳ್ತೀನಿ, ಅಂತ ಅವನೂ ಅದೇ ಗಿರಾಕಿಗೆ ಅಂದ.

ಭಾನುವಾರ ಮಧ್ಯಾಹ್ನ ಟೀಚರ್ ಪರೀಕ್ಷೆ ನಡೆಸಿದರು. ಹಳೆಯದು, ಹೊಸದು ಎರಡೂ ಯಂತ್ರ ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಪರದೆ. ಯಾವುದರ ವೈರು ಟಿವಿಯ ಯಾವ ಕಿಂಡಿಗೆ ಹೋಗಿದೆ ಎಂದು ಅವರಿಗೊಬ್ಬರಿಗೇ ಗೊತ್ತು. ಎರಡರಲ್ಲೂ ಒಂದೇ ಕ್ರಿಕೆಟ್ ಆಟ, ಸದ್ದು ಪೂರ್ತಿ ಬಂದ್. ಟೆಸ್ಟ್ ಪಂದ್ಯವೇ ಇರಲಿ ಅಂದವನು ಷಡ್ಡಕ. ಬಿಳಿ ಪ್ಯಾಂಟಿನ ಮೇಲೆ ಹುಲ್ಲಿನ ಕಲೆ ಹೇಗೆ ಕಾಣುತ್ತದೆ ಅನ್ನುವುದರಲ್ಲೇ ಯಂತ್ರದ ಯೋಗ್ಯತೆ ಗೊತ್ತಾಗುತ್ತದಂತೆ. ಎರಡಕ್ಕೂ ಒಂದೇ ಕಂಟ್ರೋಲರ್ ನಡೆಯುವ ಹಾಗೆ ನಾನು ಏರ್ಪಾಟು ಮಾಡಿದ್ದೆ. ಆಡುವವನು ನಾನು, ನೋಡಿ ಹೇಳುವವನು ಅವನು, ಟಿವಿ ರಿಮೋಟ್ ಟೀಚರ್ ಕೈಯಲ್ಲಿ. ಅವನು ಸರಿಯಾಗಿ ಹೇಳಿದರೆ ಹಳೇ ಯಂತ್ರಗಳನ್ನೆಲ್ಲ ನಾನು ಅಂಗಡಿಯಿಂದ ತೆಗೆಯಬೇಕು. ತಪ್ಪಿದರೆ ಅವನು ಹೊಸ ಮಳಿಗೆಯ ಆಸೆ ಬಿಡಬೇಕು.

ಮೊದಲನೇ ಯಂತ್ರದಲ್ಲಿ ಒಂದು ಓವರ್ ಆಡಿದೆ. ಷಡ್ಡಕ ಗಲ್ಲಕ್ಕೆ ಕೈಕೊಟ್ಟು, ರೆಪ್ಪೆ ಮಿಟುಕಿಸದೆ ನೋಡಿದ.  ಎರಡನೇದು ಹಾಕಿ ಟೀಚರ್, ಅಂದ.  ನಾನು ಕಂಟ್ರೋಲರನ್ನು ಬಿಗಿಯಾಗಿ ಹಿಡಿದುಕೊಂಡೆ. ಟೀಚರ್ ರಿಮೋಟ್ ಒತ್ತಿದರು. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಮೈದಾನ ಬಂತು. ಬೌಲರ್ ಓಡಿಬಂದ. ನಾನು ಬಟನ್ ಒತ್ತುವಷ್ಟರಲ್ಲಿ ಚೆಂಡು ಕೀಪರ್ ಕೈ ಸೇರಿತ್ತು.

ಷಡ್ಡಕ ತೊಡೆ ತಟ್ಟಿದ.

"ಇದೇ ಹಳೇದು. ಗ್ಯಾಲರಿ ನೋಡಿ ಟೀಚರ್, ಖಾಲಿ ಹೊಡೀತಿದೆ. ಜನಾನ ತುಂಬೋಕೆ ಇದಕ್ಕೆ ಮೆಮೊರಿ ಸಾಲ್ತಿಲ್ಲ."

ನಾನೂ ಗ್ಯಾಲರಿ ನೋಡಿದೆ. ಸಾಲಾಗಿ ಅಷ್ಟೂ ಕುರ್ಚಿ ಖಾಲಿ ಇದ್ದವು. ಅವನು ನಿಲ್ಲಿಸಲಿಲ್ಲ. ಫೀಲ್ಡರ್ ಓಟದಲ್ಲಿ ಜೀವವೇ ಇಲ್ಲ, ಮನುಷ್ಯರು ಯಾರಾದರೂ ಹೀಗೆ ಓಡುತ್ತಾರಾ, ಹುಲ್ಲಿನ ಬಣ್ಣ ಕೃತಕ, ಆ ಮೂಲೆಯಲ್ಲಿ ನಿಂತಿರೋನು ಒಂದು ನಿಮಿಷದಿಂದ ಉಗುರು ಕಡೀತಾನೇ ಇದ್ದಾನೆ, ಹ್ಯಾಂಗ್ ಆಗಿದ್ದಾನೆ, ಹೀಗೆ ಒಂದೊಂದೇ ಕುಂದು ಎತ್ತಿ ತೋರಿಸಿದ. ನಾನು ಸೋಲುವುದು ಖಚಿತವಾಯಿತು. ಸೋತರೂ ಮಾನದಿಂದ ಸೋಲೋಣ ಎಂದು ಮುಂದಿನ ಚೆಂಡಿಗೆ ಕಾದು, ಸರಿಯಾದ ಹೊತ್ತಿಗೆ ಬಟನ್ ಒತ್ತಿದೆ. ಬ್ಯಾಟು ಬೀಸಿತು. ಚೆಂಡು ಹುಲ್ಲಿಗಂಟಿಕೊಂಡು ಹೋಗಿ ಬೌಂಡರಿ ದಾಟಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಹಳೇದಾದ್ರೆ ಏನಯ್ಯ? ಕೈಗೆ ಎಷ್ಟು ಚೆನ್ನಾಗಿ ಸಿಗ್ತಾ ಇದೆ ನೋಡು. ಆ ಹೊಡೆತ ನೋಡು. ಆಟ ಅಂದ್ರೆ ಇದು ಕಣಯ್ಯ."

ಕೈಗೆ ಸಿಕ್ಕರೆ ಸಾಕಾ, ಕಣ್ಣಿಗೆ ಬೇಡ್ವಾ, ಅಂತ ಅವನು. ಕಣ್ಣಿಗೆ ಬೇಕಾದರೆ ಚಾಮುಂಡಿ ಬೆಟ್ಟ ನೋಡ್ಕೊಂಡು ಬಾ, ಅಂತ ನಾನು. ಇಬ್ಬರೂ ಎದುರುಬದುರು ನಿಂತಿದ್ದೆವು. ಇಷ್ಟು ತಿಂಗಳ ಮೇಲೆ ನೇರವಾಗಿ ಮಾತಾಡುತ್ತಿದ್ದೇವೆ ಅನ್ನುವುದೂ ನಮಗೆ ಗೊತ್ತಾಗಲಿಲ್ಲ. ಟೀಚರ್ ಏನೋ ಹೇಳಲು ಬಾಯಿ ತೆರೆದರು, ನಾವು ಅವಕಾಶ ಕೊಡಲಿಲ್ಲ.

ಅಷ್ಟರಲ್ಲಿ ಓವರ್ ಮುಗಿಯಿತು. ಪರದೆಯ ಮೇಲೆ ರೇಷ್ಮೆ ಸೀರೆಯುಟ್ಟ ಒಬ್ಬ ಹೆಂಗಸು ಸಾಂಬಾರ್ ಪುಡಿಯ ಪೊಟ್ಟಣ ಹಿಡಿದು ನಗುತ್ತ ಬಂದಳು. ಅಭ್ಯಾಸಬಲ, ನಾನು ಬಟನ್ ಒತ್ತಿದೆ. ಅವಳು ಒಗ್ಗರಣೆ ಹಾಕಿದಳು.

 ಟೀಚರ್ ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಎರಡನೇದು ನಾನಿನ್ನೂ ಹಾಕೇ ಇಲ್ಲ ಕಣ್ರಪ್ಪ. ಮಧ್ಯೆ ಒಂಚೂರು ಸ್ಕೋರ್ ನೋಡೋಣ ಅಂತ ಕೇಬಲ್ ಹಾಕ್ದೆ. ಹೇಳೋಷ್ಟರಲ್ಲಿ ನೀವು ಆಡೋಕೇ ಶುರು ಮಾಡ್ಬುಟ್ರಿ."

ಬಿಡುವಿನಲ್ಲಿ ವಾರ್ತೆ ನೋಡಲೆಂದು ಅದೇ ಟಿವಿಗೆ ಕೇಬಲ್ ಹಾಕಿಸಿದ್ದವನು ನಾನೇ. ನನ್ನ ಷಡ್ಡಕ ನಿಜವಾದ ಮೈದಾನದ ನಿಜವಾದ ಹುಲ್ಲಿಗೆ ಬಣ್ಣ ಸರಿಯಿಲ್ಲ ಅಂದಿದ್ದ, ಬದುಕಿರುವ ಮನುಷ್ಯರನ್ನು ನೋಡಿ ಓಟದಲ್ಲಿ ಜೀವ ಇಲ್ಲ ಅಂದಿದ್ದ. ನಾನು ಸಾವಿರಾರು ಮೈಲಿ ಆಚೆ ಯಾರೋ ಹೊಡೆದ ಬೌಂಡರಿಗೆ ಕುರ್ಚಿ ಬಿಟ್ಟು ಎದ್ದಿದ್ದೆ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವನು ಅವನು. ಆಮೇಲೆ ನಾನು ನಕ್ಕೆ, ನಿಲ್ಲಲಾಗದೆ ನೆಲದ ಮೇಲೆ ಕೂತು ನಕ್ಕೆ, ಕಣ್ಣಲ್ಲಿ ನೀರು ಬಂತು, ಅದರಲ್ಲಿ ಎಷ್ಟು ನಗುವಿನದೋ ನನಗೇ ಗೊತ್ತಿಲ್ಲ. ಹೋಗ್ಬೇಡ ಕಣಯ್ಯ, ಅಂದೆ. ಎಲ್ಲಿಗೆ ಹೋಗ್ಲಿ ಈ ಕಣ್ಣಿಟ್ಕೊಂಡು, ಅಂದ. ಅಲ್ಲೇ ನಿಂತು ಮಳಿಗೆಯ ಮಾಲೀಕರಿಗೆ ಫೋನ್ ಮಾಡಿ, ಬರೋಕಾಗಲ್ಲ ಸಾರ್, ಮೊದಲು ಕಣ್ಣಿನ ಡಾಕ್ಟರ ಹತ್ರ ಹೋಗಬೇಕಾಗಿದೆ, ಅಂತ ಹೇಳಿದ.

ಟೀಚರ್‌ಗೆ ಮಾತ್ರ ಸಮಾಧಾನವಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪರೀಕ್ಷೆ ನಡೆಸಿದವರು, ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲ. ತೀರ್ಪು ಹೇಳಬೇಕಲ್ಲ, ಎರಡನೇ ಯಂತ್ರ ಹಾಕಲಾ ಎಂದು ಕೇಳಿ ರಿಮೋಟ್ ಎತ್ತಿಕೊಂಡರು. ಷಡ್ಡಕ ಕಣ್ಣೊರೆಸಿಕೊಂಡು, ಕೆಳಗೆ ಬಿದ್ದಿದ್ದ ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟ.

"ಬೇಡ ಟೀಚರ್, ಕೇಬಲ್ಲೇ ಇರ್ಲಿ. ಅಣ್ಣ ಒಳ್ಳೇ ಫಾರ್ಮಲ್ಲಿದ್ದಾರೆ, ಇನ್ನೊಂದು ಓವರ್ ಆಡ್ಲಿ."